ಗಾಲ್ಫಿನ ಅಬ್ಬರವೂ ಕೊಬ್ಬರಿ ಹೋರಿಯೂ

ರೈಡರ್ ಕಪ್ ಎಂಬ ಗಾಲ್ಫ್ ಪಂದ್ಯದ ಅಬ್ಬರ ಅತಿಯಾಯಿತೆಂದು ಅಮೆರಿಕದಲ್ಲಿರುವ ಭಾವಮೈದ ಫೋನಿನಲ್ಲಿ ಗೊಣಗಿದ. ಶಿಕಾರಿಪುರದವನ ಮುಂದೆ ಅಬ್ಬರದ ಮಾತೇ? ದೀಪಾವಳಿ ಮುಗಿಯಿತೆಂದರೆ ಇಲ್ಲಿಂದ ಸೊರಬದವರೆಗೆ ಹೋರಿ ಹಬ್ಬದ್ದೇ ಗದ್ದಲ. ಹೋರಿಗೊಂದು ಬಿರುದು, ಅಭಿಮಾನಿ ಬಳಗ, ಫ್ಲೆಕ್ಸು. ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ. ಫ್ಲೆಕ್ಸಿನಲ್ಲಿ ಹೋರಿಯದು ಆಳೆತ್ತರದ ಫೋಟೋ. ಚಂದಾ ಕೊಟ್ಟ ನನ್ನದು ಕೆಳಮೂಲೆಯಲ್ಲಿ, ಅದರ ಗೊರಸಿಗಿಂತ ಚಿಕ್ಕದು. ಅಖಾಡದಲ್ಲಿ ಹೋರಿ ಮುಂದೆ ಹಾಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಬೇಲಿಗೆ ಜೋತುಬಿದ್ದು ಕಣ್ಣು ಮುಚ್ಚಿಕೊಳ್ಳುವ ನನಗೆ ಅದೂ ಕಾಣುವುದಿಲ್ಲ. ಆದರೂ ಯುಗಾದಿಯವರೆಗೆ ವರ್ಣಿಸುತ್ತೇನೆ.

ಆ ಕಪ್ಪಾದರೂ ಎಂಥದ್ದು? 1927ರಲ್ಲಿ ಶುರುವಾದದ್ದು. ಕಪ್ ಕೊಟ್ಟ ಸ್ಯಾಮ್ಯುಯೆಲ್ ರೈಡರ್ ಇಂಗ್ಲೆಂಡಿನ ಬೀಜದ ವ್ಯಾಪಾರಿ, ಪೊಟ್ಟಣಕ್ಕೊಂದು ಪೆನ್ನಿಯಂತೆ ಮಾರಿ ದೊಡ್ಡವನಾದವನು. ನಮ್ಮ ಮೆಕ್ಕೆಜೋಳದ ಸೀಮೆಗೆ ಹತ್ತಿರದವನೇ ಅನ್ನಿ! ಎರಡು ವರ್ಷಕ್ಕೊಮ್ಮೆ ಅಮೆರಿಕ, ಯುರೋಪಿನ ತಲಾ 12 ಆಟಗಾರರು 3 ದಿನ ಸೆಣಸುತ್ತಾರೆ. 2025ರಲ್ಲಿ ನ್ಯೂಯಾರ್ಕಿನ ಬೆತ್‌ಪೇಜ್‌ನಲ್ಲಿ ಯುರೋಪ್ 15–13ರಿಂದ ಗೆದ್ದಿತು. ಗೆದ್ದವರಿಗೆ ಬಹುಮಾನದ ದುಡ್ಡಿಲ್ಲ. ನಮ್ಮ ಹೋರಿ ಹಬ್ಬದ ಹಾಗೆ ಬೈಕಿಲ್ಲ, ಬಂಗಾರವಿಲ್ಲ, ಓಡುವ ಹೋರಿಯ ಕೊರಳಿಂದ ಕಿತ್ತುಕೊಳ್ಳಲು ಒಂದು ಚೂರು ಕೊಬ್ಬರಿಯೂ ಇಲ್ಲ!

“ಕೂಗಾಡಲಿ ಬಿಡೋ ಮಾರಾಯ, ಪಾಪ, ಅವರಿಗೆ ಸಿಗೋದು ಅದೊಂದೇ” ಎಂದೆ.