ಹಳೆ ಡಬ್ಬಕ್ಕೆ ಹೊಸ ವಿಂಡೋಸ್

ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕಿಸುವುದು ಸೋರುವ ಮನೆಗೆ ಸುಣ್ಣ ಹೊಡೆಸಿದ ಹಾಗೆ. ನೋಡಲು ಲಕ್ಷಣವಾಗಿರುತ್ತದೆ, ಬಣ್ಣ ಬಯಲಾಗುವುದು ಮಳೆಗಾಲದಲ್ಲಿ. ಇನ್‌ಸ್ಟಾಲ್ ಅಳಿಸುವುದು ಡಿಸ್ಕಿನ ಮೇಲಿನ ಬರಹವನ್ನಷ್ಟೇ. ಸತ್ತ ಬ್ಯಾಟರಿ, ಸಡಿಲಾದ ಕೇಬಲ್, ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡ ಧೂಳು, ಹಿಂದಿನ ಯಜಮಾನರು ಬಯಾಸ್‌ಗೆ ಹಾಕಿ ಮರೆತ ಪಾಸ್‌ವರ್ಡ್ ಎಲ್ಲವೂ ಇದ್ದಲ್ಲೇ ಇರುತ್ತವೆ.

ಇಂಥ ಯಂತ್ರಗಳಿಗೆ ಈಗ ಬರವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ಅದಕ್ಕಿಂತ ಹಳೆಯವು, ಇನ್ನೂ ಗಟ್ಟಿಮುಟ್ಟಾಗಿದ್ದರೂ, ಕಚೇರಿಗಳಿಂದ ನಿವೃತ್ತಿ ಪಡೆದು ಬೆಂಗಳೂರಿನ ಎಸ್.ಪಿ. ರೋಡು, ಅಹಮದಾಬಾದಿನ ರಿಲೀಫ್ ರೋಡಿನಂಥ ಬೀದಿಗಳ ದಾರಿ ಹಿಡಿಯುತ್ತವೆ. ಗುಜರಾತಿನ ಅಂಗಡಿಯಲ್ಲಿ ಏನೇ ಕೇಳಿದರೂ ಸಿಗುವ ಉತ್ತರ ಒಂದೇ: ‘ಥಈ ಜಶೆ, ಭಾಯ್.’ ಆಗುತ್ತದೆ, ಸರಿ. ಯಾರ ಕೈಯಲ್ಲಿ ಎಂಬುದನ್ನು ಗಿರಾಕಿ ಮನೆಗೆ ಹೋದ ಮೇಲೆ ತಿಳಿದುಕೊಳ್ಳುತ್ತಾನೆ.

ರಿಪೇರಿಯ ಕ್ರಮ ಕಲಿಯಬೇಕಾದರೆ ಅದೇ ಗುಜರಾತಿನ ಕಾರ್ಖಾನೆಗಳನ್ನು ನೋಡಬೇಕು. ವಡೋದರದ ಪಕ್ಕದ ಕೊಯಾಲಿಯಲ್ಲಿ ಇಂಡಿಯನ್ ಆಯಿಲ್‌ನ ರಿಫೈನರಿ ಇದೆ. ಸೋವಿಯತ್ ನೆರವಿನಿಂದ ಕಟ್ಟಿ 1965ರಲ್ಲಿ ಚಾಲೂ ಮಾಡಿದ್ದು. ಅಂಥ ಕಾರ್ಖಾನೆಯಲ್ಲಿ ಒಂದು ಯೂನಿಟ್ಟನ್ನು ಶಟ್‌ಡೌನ್ ಮಾಡಿ ಮತ್ತೆ ಎಬ್ಬಿಸಬೇಕಾದರೆ ಯಾವ ವಾಲ್ವ್ ಮೊದಲು, ಯಾವುದು ಆಮೇಲೆ, ಸಹಿ ಯಾರದ್ದು ಎಂದು ಕಾಗದದಲ್ಲಿ ಬರೆದಿರುತ್ತದೆ. ಅಲ್ಲಿ ಪರ್ಮಿಟ್ ಇಲ್ಲದೆ ಸ್ಪ್ಯಾನರ್ ಮುಟ್ಟದ ಕನ್ನಡದ ಇಂಜಿನಿಯರೂ ಭಾನುವಾರ ಮನೆಯ ಕಂಪ್ಯೂಟರ್ ಮುಂದೆ ಕೂತರೆ ಸಿಕ್ಕ ಬಟನ್ ಒತ್ತುತ್ತಾರೆ. ಒಂದು ಸಲ ಹಾಕಿದ ವಿಂಡೋಸ್ ಕೈಕೊಟ್ಟರೆ ಇನ್ನೊಂದು ಸಲ ಹಾಕುತ್ತಾರೆ. ‘ರೀ, ಸುಮ್ನೆ ಅಂಗಡಿಯವನಿಗೆ ಕೊಡಬಾರದಾ?’ ಎಂಬ ಸಲಹೆ ಅಡುಗೆಮನೆಯಿಂದ ಬಂದರೆ ಮೂರನೆಯ ಸಲವೂ ಖಾತ್ರಿ. ಮನೆಗೂ ಒಂದು ಕ್ರಮ ಬೇಕು: ಅಗ್ಗದ್ದನ್ನು ಮೊದಲು ಅನುಮಾನಿಸುವುದು, ದುಬಾರಿಯದ್ದನ್ನು ಕೊನೆಗೆ.

ಅಗ್ಗದವುಗಳಲ್ಲಿ ಮೊದಲ ಆರೋಪಿ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ, ಸಿಆರ್2032. ಇಪ್ಪತ್ತು ಮಿಲಿಮೀಟರ್ ಅಗಲ, ಮೂರು ವೋಲ್ಟ್, ವಡೋದರದ ಒಂದು ಪ್ಲೇಟ್ ಸೇವ್ ಉಸಳ್‌ಗಿಂತ ಕಡಿಮೆ ಬೆಲೆ. ಪ್ಲಗ್ ಕಿತ್ತಾಗಲೂ ಗಡಿಯಾರ ನಡೆಸುವುದು ಇದರ ಕೆಲಸ. ಇದು ಸತ್ತರೆ ಯಂತ್ರ ತಾನು ಹುಟ್ಟಿದ ಕಾಲಕ್ಕೆ ಹೋಗಿ ಕೂರುತ್ತದೆ. ಬ್ರೌಸರ್ ತೆರೆದರೆ ಯಾವ ವೆಬ್‌ಸೈಟೂ ಸುರಕ್ಷಿತವಲ್ಲ ಎಂಬ ಕೆಂಪು ಎಚ್ಚರಿಕೆ, ಏಕೆಂದರೆ ಆ ಲೆಕ್ಕದಲ್ಲಿ ಇಂದಿನ ಸರ್ಟಿಫಿಕೇಟುಗಳು ಇನ್ನೂ ಜಾರಿಗೇ ಬಂದಿಲ್ಲ. ಮನೆಯವರು ವೈರಸ್ ಎನ್ನುತ್ತಾರೆ, ಪಕ್ಕದ ಮನೆಯವರು ಹ್ಯಾಕಿಂಗ್ ಎನ್ನುತ್ತಾರೆ. ಪರದೆಯ ಮೂಲೆಯ ತಾರೀಖನ್ನು ಮಾತ್ರ ಯಾರೂ ಓದುವುದಿಲ್ಲ. ಗಡಿಯಾರದ ಜೊತೆಗೆ ಬಯಾಸ್ ಸೆಟ್ಟಿಂಗೂ ಮೂಲಸ್ಥಿತಿಗೆ ಜಾರಿ, ಡಿಸ್ಕಿನ ಮೋಡ್ ಎಎಚ್‌ಸಿಐನಿಂದ ರೇಡ್‌ಗೆ ಬದಲಾದರಂತೂ ನಿನ್ನೆ ಚೆನ್ನಾಗಿದ್ದ ವಿಂಡೋಸ್ ಇವತ್ತು ನೀಲಿ ಪರದೆ ತೋರಿಸಿ ಡಿಸ್ಕೇ ಸಿಗುತ್ತಿಲ್ಲ ಎನ್ನುತ್ತದೆ. ಆಗ ಬದಲಿಸಬೇಕಾದದ್ದು ಆ ಒಂದು ಸೆಟ್ಟಿಂಗು ಮತ್ತು ಬಿಲ್ಲೆ. ಸಾಮಾನ್ಯವಾಗಿ ಬದಲಿಸುವುದು ವಿಂಡೋಸನ್ನು.

ಯಂತ್ರ ಬರೀ ಬೀಪ್ ಬೀಪ್ ಎಂದು ಪರದೆ ಕಪ್ಪಾಗೇ ಉಳಿದರೆ ರ‍್ಯಾಮ್ ನೋಡಬೇಕು. ಇದಕ್ಕೆ ನಮ್ಮ ರಿಪೇರಿ ಅಂಗಡಿಗಳ ಸರ್ವಮಾನ್ಯ ಉಪಕರಣ ಪೆನ್ಸಿಲ್ ಅಳಿಸುವ ರಬ್ಬರ್. ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿ ತೆಗೆದು, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮೆತ್ತಗೆ ಉಜ್ಜಿ, ಪುಡಿ ಝಾಡಿಸಿ, ಎರಡೂ ಕಡೆ ಟಕ್ ಎನ್ನುವವರೆಗೆ ಒತ್ತಿ ಕೂರಿಸುವುದು. ಕಂಪನಿಯ ಕೈಪಿಡಿಗಳು ಇದನ್ನು ಒಪ್ಪಲಿಕ್ಕಿಲ್ಲ. ಯಂತ್ರಗಳು ಸಾಕಷ್ಟು ಸಲ ಒಪ್ಪಿವೆ.

ಯಂತ್ರ ಎದ್ದ ಮೇಲೆ ಡ್ರೈವರ್‌ಗಳ ಸರದಿ. ಹೊಸ ವಿಂಡೋಸ್ ಬಹುಪಾಲನ್ನು ಇಂಟರ್‌ನೆಟ್ಟಿನಿಂದ ತಾನೇ ತರಿಸಿಕೊಳ್ಳುತ್ತದೆ, ನೆಟ್‌ವರ್ಕ್ ಡ್ರೈವರ್ ಒಂದನ್ನು ಬಿಟ್ಟು; ಅದನ್ನು ತರಲು ನೆಟ್ ಬೇಕು, ನೆಟ್ಟಿಗೆ ಅದು ಬೇಕು. ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ ಒತ್ತಿದರೆ ಈ ಕಗ್ಗಂಟು ಬಿಚ್ಚುತ್ತದೆ. ಆಮೇಲೂ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಹೊತ್ತ ‘ಅಪರಿಚಿತ ಸಾಧನ’ ಉಳಿದಿದ್ದರೆ ಅದರ ಹಾರ್ಡ್‌ವೇರ್ ಐಡಿ ನೋಡಬೇಕು. ‘ವೆನ್’ ಎಂಬುದರ ಮುಂದೆ ತಯಾರಕರ ಸಂಖ್ಯೆ ಇರುತ್ತದೆ. ಇಂಟೆಲ್‌ನದು 8086, ಅಂದರೆ 1978ರಲ್ಲಿ ಅದೇ ಕಂಪನಿ ತಂದ ಪ್ರೊಸೆಸರಿನ ಹೆಸರು. ಹಳೇ ಹೆಸರಿನ ಮೋಹ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ.

ಹಾರ್ಡ್ ಡಿಸ್ಕು ದುಬಾರಿ ಸಾಲಿನದು, ಆದರೆ ಮಾತಿಗೆ ಸಿಗುತ್ತದೆ. ಒಟ್ಟು ಎಷ್ಟು ಗಂಟೆ ಉರಿದಿದ್ದೇನೆ ಎಂಬ ಲೆಕ್ಕವನ್ನು ಅದರ ಸ್ಮಾರ್ಟ್ ದಾಖಲೆ ಇಟ್ಟುಕೊಂಡಿರುತ್ತದೆ, ಫಾರ್ಮ್ಯಾಟ್ ಮಾಡಿದರೆ ಅಳಿಯುವುದಿಲ್ಲ. ವರ್ಷಕ್ಕೆ 8,760 ಗಂಟೆ. ‘ಮೇಡಂ ಮೇಲ್ ನೋಡೋಕೆ ಮಾತ್ರ ಬಳಸ್ತಿದ್ರು’ ಎಂದು ಮಾರಿದ ಡಿಸ್ಕು 30,000 ತೋರಿಸಿದರೆ ಆ ಮೇಡಂ ಸುಮಾರು ಮೂರೂವರೆ ವರ್ಷ ಹಗಲೂ ರಾತ್ರಿ ಮೇಲ್ ನೋಡಿದ್ದಾರೆ ಎಂದರ್ಥ. ಕೆಟ್ಟ ಸೆಕ್ಟರುಗಳ ಎಣಿಕೆಯೂ ಏರುತ್ತಿದ್ದರೆ ಚೌಕಾಸಿ ಬಿಟ್ಟು ಎಸ್‌ಎಸ್‌ಡಿ ಹಾಕಿಸುವುದು ವಾಸಿ. ಹತ್ತು ನಿಮಿಷಕ್ಕೆ ತಾನೇ ಆರಿಹೋಗುವ ಯಂತ್ರದಲ್ಲಿ ಶಂಕಿಸಬೇಕಾದದ್ದು ಶಾಖವನ್ನು. ನಲವತ್ತು ಡಿಗ್ರಿ ದಾಟುವ ವಡೋದರದ ಮೇ ತಿಂಗಳಲ್ಲಿ ಬೇರೇನನ್ನೂ ಶಂಕಿಸುವ ಶಕ್ತಿ ಯಾರಿಗೂ ಇರುವುದಿಲ್ಲ.

ಕನ್ನಡದ ಮನೆಗೆ ಇನ್ನೊಂದು ಹೆಚ್ಚುವರಿ ಸಂಕಟ. ಪೆನ್‌ಡ್ರೈವಿನಲ್ಲಿ ಜೋಪಾನವಾಗಿದ್ದ ಹಳೆಯ ರಾಜ್ಯೋತ್ಸವದ ಆಮಂತ್ರಣ ತೆರೆದರೆ, ತಲೆಗೆ ಟೋಪಿ, ಬಾಲಕ್ಕೆ ಕೊಂಡಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ! ಫೈಲು ಕೆಟ್ಟಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟು ಹಳೆಯ ವಿಂಡೋಸಿನ ಜೊತೆ ಹೋಯಿತು, ಸಂಕೇತ ಉಳಿಯಿತು. ಅದೇ ಫಾಂಟು ಹಾಕಿದರೆ ಅಕ್ಷರ ಮರಳುತ್ತದೆ. ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿದರೆ ಶಾಶ್ವತ ಪರಿಹಾರ, ಅರ್ಕಾವತ್ತುಗಳು ಸ್ಥಳಾಂತರವಾಗಿವೆಯೇ ಎಂದು ಒಮ್ಮೆ ಕಣ್ಣಾಡಿಸಿದರಾಯಿತು. ಹೊಸದಾಗಿ ಟೈಪಿಸಲು ತೊಂದರೆಯಿಲ್ಲ. 2019ರ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಕನ್ನಡದ ಫೊನೆಟಿಕ್ ಕೀಲಿಮಣೆ ಇದೆ.

ಉಳಿದದ್ದು ಪ್ರಿಂಟರ್. ಎಕ್ಸ್‌ಪಿ ಕಾಲದ 32 ಬಿಟ್ ಡ್ರೈವರ್ ಮಾತ್ರ ಇರುವ ಪ್ರಿಂಟರಿಗೆ 64 ಬಿಟ್ ವಿಂಡೋಸಿನಲ್ಲಿ ಮದ್ದಿಲ್ಲ. ಆಮಂತ್ರಣವನ್ನು ಪಿಡಿಎಫ್ ಮಾಡಿ, ವಾಟ್ಸಾಪಿನಲ್ಲಿ ಜೆರಾಕ್ಸ್ ಅಂಗಡಿಗೆ ಕಳಿಸಿ, ಹೋಗಿ ತರುವುದು.