ತಂತ್ರಾಂಶ ಮಂಜೂರಾತಿ ಸಮಿತಿಗಳಿಗೆ ಒಂದು ಬಿನ್ನಹ

ದೊಡ್ಡ ಸಂಸ್ಥೆಗಳ ಸಾಫ್ಟ್‌ವೇರ್ ಮಂಜೂರಾತಿ ಸಮಿತಿಗಳ ಮಾನ್ಯ ಸದಸ್ಯರೇ,

ಲೆಕ್ಕಪತ್ರ ವಿಭಾಗಕ್ಕೆ ಹೊಸ ಆವೃತ್ತಿ, ಮಾರಾಟ ವಿಭಾಗಕ್ಕೆ ಅದರದೇ ಹಳೆಯದು, ಶಾಖಾ ಕಚೇರಿಗಳಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ. ಹೀಗೆ ಯಾರಿಗೆ ಏನು ದಕ್ಕಬೇಕೆಂದು ಅಳೆದು ಸುರಿದು ಹಂಚುವ ನಿಮ್ಮ ಶ್ರಮಕ್ಕೆ ಮೊದಲು ಕೈಮುಗಿಯುತ್ತೇನೆ. ಅರ್ಜಿಗೆ ಇಬ್ಬರು ಮುಖ್ಯಸ್ಥರ ಸಹಿ ಬೀಳುವಷ್ಟರಲ್ಲಿ ತಯಾರಕರು ಇನ್ನೆರಡು ಆವೃತ್ತಿ ಬಿಟ್ಟಿರುತ್ತಾರೆ. ಕೆಲಸ ನಿಲ್ಲಿಸಲಾಗದ ಗುಮಾಸ್ತರು ಪಕ್ಕದ ವಿಭಾಗದಿಂದ ಪೆನ್‌ಡ್ರೈವ್ ತಂದು ಇನ್‌ಸ್ಟಾಲ್ ಮಾಡಿಕೊಂಡಿರುತ್ತಾರೆ. ನಿಮ್ಮಲ್ಲಿ ರಜೆಯಿಲ್ಲದೆ ದುಡಿಯುವ ವಿತರಣಾ ವ್ಯವಸ್ಥೆ ಆ ಪೆನ್‌ಡ್ರೈವ್ ಒಂದೇ. ನೀವು ಬಿಗಿ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಅಷ್ಟು ಬಿಗಿ ಮಾಡಿಯೂ ಯಾವ ಕಂಪ್ಯೂಟರಿನಲ್ಲಿ ಏನಿದೆಯೆಂದು ನಿಮಗೇ ತಿಳಿಯದಲ್ಲ!

ತಿಳಿಯದಿದ್ದರೆ ಏನಾಗುತ್ತದೆಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ತೋರಿಸಿಕೊಟ್ಟಿದೆ. ವಿಂಡೋಸ್‌ನ ದೋಷವೊಂದಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಬಿಟ್ಟಿತ್ತು. ಮೇ 12ರಂದು ಅದೇ ದೋಷದ ಮೂಲಕ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನ್ನಾಕ್ರೈ ಕುತಂತ್ರಾಂಶ ಎರಗಿದಾಗ ಇಂಗ್ಲೆಂಡಿನ ಆರೋಗ್ಯ ಟ್ರಸ್ಟುಗಳಲ್ಲಿ ಸುಮಾರು ಮೂರನೇ ಒಂದು ಭಾಗ ತೊಂದರೆಗೆ ಸಿಕ್ಕಿತು. ದೇವರು ಕೊಟ್ಟರೂ ಪೂಜಾರಿ ಕೊಡ! ಎಚ್ಚರಿಕೆಯೇನೋ ಹೋಗಿತ್ತು, ಟ್ರಸ್ಟುಗಳು ಅದನ್ನು ಪಾಲಿಸಿದವೇ ಎಂದು ನೋಡುವ ಕ್ರಮಬದ್ಧ ಏರ್ಪಾಡೇ ಆರೋಗ್ಯ ಇಲಾಖೆಯಲ್ಲಿರಲಿಲ್ಲ ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ವರದಿ ಬರೆಯಿತು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ, ಅನೇಕ ತಂತ್ರಾಂಶಗಳೊಳಗೆ ಸೇರಿರುವ ಘಟಕದ ದೋಷ ಬಯಲಾದಾಗಲೂ ಎಷ್ಟೋ ಕಡೆ ಸರಿಪಡಿಸುವುದಕ್ಕಿಂತ ಅದು ಎಲ್ಲೆಲ್ಲಿ ಅಡಗಿದೆಯೆಂದು ಹುಡುಕುವುದೇ ದೊಡ್ಡ ಕೆಲಸವಾಯಿತು.

‘ಹಾಗಾದರೆ ಎಲ್ಲರಿಗೂ ಒಮ್ಮೆಲೇ ಕೊಟ್ಟುಬಿಡೋಣವೇ?’ ಎನ್ನುತ್ತೀರಿ. ಬೇಡ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಮಲಗಿಸಿತು; ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. (ಬಾಲ್‌ಪೆನ್ನಿಗೆ ಯಾವ ಸಮಿತಿಯ ಮಂಜೂರಾತಿಯೂ ಬೇಕಾಗಲಿಲ್ಲ.) ಆದ್ದರಿಂದ ಇಡೀ ಸಂಸ್ಥೆಗೆ ಮಂಜೂರಾದ ತಂತ್ರಾಂಶಗಳ ಪಟ್ಟಿ ಒಂದೇ ಇರಲಿ, ಸರದಿ ಮಾತ್ರ ಬೇರೆಯಿರಲಿ. ಮೊದಲು ಒಂದು ಸಣ್ಣ ವಿಭಾಗಕ್ಕೆ ಕೊಟ್ಟು ನೋಡಿ, ಆಮೇಲೆ ಉಳಿದವರಿಗೆ. ತಿಂಗಳ ಕೊನೆಯಲ್ಲಿ ಲೆಕ್ಕಪತ್ರದವರ ತಂಟೆಗೆ ಹೋಗಬೇಡಿ. ಲೈಸೆನ್ಸ್ ದುಬಾರಿ ಎಂಬುದೂ ನಿಜ, ಸಂಬಳ ಬಟವಾಡೆ ಮಾಡುವವರಿಗೆ ನಕ್ಷೆ ಬಿಡಿಸುವ ಆಟೋಕ್ಯಾಡ್ ಯಾಕೆ? ಆದರೆ ಕಡತ ಕುಗ್ಗಿಸಲು ಬಿಟ್ಟಿ ಸಿಗುವ ಸೆವೆನ್‌ಜಿಪ್‌ಗೂ ಅದೇ ಅರ್ಜಿ, ಅದೇ ಎರಡು ಸಹಿ ಯಾಕೆ ಎಂಬುದಕ್ಕೂ ಉತ್ತರ ಕೊಡಿ. ದುಬಾರಿಯಾದುದನ್ನು ಕಾಯಬೇಕೆಂದರೂ ಮೊದಲು ಎಣಿಸಲೇಬೇಕು.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಒಂದೇ ವಿಷಯವಿರಲಿ: ಯಾವ ವಿಭಾಗದ ಯಾವ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ? ಅದು ಇತ್ಯರ್ಥವಾಗುವವರೆಗೆ ದಯವಿಟ್ಟು ಹೊಸ ಅರ್ಜಿ ನಮೂನೆ ಅಚ್ಚು ಹಾಕಿಸಬೇಡಿ.

ಇಂತಿ,
ಸರದಿಯಲ್ಲಿ ನಿಂತವರ ಪರವಾಗಿ