ಯಾವ ಚಂದ್ರಶೇಖರ್?

ನಮ್ಮ ಕಡೆ ಫೋನಿನಲ್ಲಿ ಹೆಸರು ಹೇಳಿದರೆ ‘ಹಾಂ, ಹೇಳಿ’ ಅನ್ನುವವರು ಕಡಿಮೆ. ‘ಯಾವ ಚಂದ್ರಶೇಖರ್?’ ಅನ್ನುವವರೇ ಎಲ್ಲ. ಈ ‘ಯಾವ’ ನನ್ನ ಹೆಸರಿನ ಮುಂದೆ ಎಷ್ಟು ಕಾಲದಿಂದ ಠಿಕಾಣಿ ಹೂಡಿದೆಯೆಂದರೆ, ಅದನ್ನೇ ಇನಿಷಿಯಲ್ ಮಾಡಿಕೊಂಡು ಆಧಾರ್ ಕಾರ್ಡಿಗೆ ಸೇರಿಸಿಬಿಡೋಣವೇ ಎಂದು ಯೋಚಿಸಿದ್ದೂ ಉಂಟು.

ಹೆಸರಿನಲ್ಲಿ ದೋಷವಿಲ್ಲ. ಅದು ತಾತನ ಹೆಸರು. ತಾತನಿಗೆ ಅವರ ತಾತನದು. ನಮ್ಮ ವಂಶದಲ್ಲಿ ಗಂಡು ಹುಟ್ಟಿದರೆ ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವ ಪದ್ಧತಿಯೇ ಇಲ್ಲ. ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ಅದೇ ಹೆಸರು, ಅದೇ ಬೆಳ್ಳಿ ಲೋಟ. ತೊಂದರೆಯೆಂದರೆ ಎದುರು ಮನೆಯ ವಂಶದಲ್ಲೂ ಇದೇ ಏರ್ಪಾಡು. ಹೀಗಾಗಿ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ನಾವು ಚಂದ್ರಶೇಖರರು ಸಾಲಾಗಿ ನಿಂತಿದ್ದೆವು. ಮೇಷ್ಟ್ರು ಇನಿಷಿಯಲ್ಲು ಗಿನಿಷಿಯಲ್ಲು ಎಂದು ಹೊತ್ತು ಕಳೆಯದೆ, ಕಣ್ಣಿಗೆ ಕಂಡ ಹಾಗೆ ಉದ್ದ ಚಂದ್ರ, ಗುಂಡು ಚಂದ್ರ, ಕನ್ನಡಕದ ಚಂದ್ರ ಎಂದು ವಿಂಗಡಿಸಿದರು. ನನಗೆ ಎತ್ತರವೂ ಇರಲಿಲ್ಲ, ಗಾತ್ರವೂ ಇರಲಿಲ್ಲ, ಹಾಳು ಕಣ್ಣುಗಳೂ ಚೆನ್ನಾಗಿದ್ದವು. ನಾನು ‘ಆ ಇನ್ನೊಬ್ಬ’ ಆದೆ.

ಲೋಕದಲ್ಲಿರುವ ಉಳಿದ ಚಂದ್ರಶೇಖರರು ನನ್ನಷ್ಟೇ ಸಾಧಾರಣದವರಾಗಿದ್ದರೆ ಬಾಳು ಹೇಗೋ ಸಾಗುತ್ತಿತ್ತು. ಆದರೆ ಅವರು ಒಬ್ಬೊಬ್ಬರೂ ಒಂದೊಂದು ದಿಕ್ಕು ಹಿಡಿದು ಹೋಗಿ, ಅಲ್ಲಿ ಇನ್ನೊಬ್ಬ ಚಂದ್ರಶೇಖರನಿಗೆ ಕಾಲಿಡಲೂ ಜಾಗವಿಲ್ಲದ ಹಾಗೆ ಹರಡಿ ಕೂತಿದ್ದಾರೆ.

ಮೊದಲನೆಯವರು ನಮ್ಮ ಮೈಸೂರಿನಲ್ಲೇ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗೈ ಸೊರಗಿತು. ಫೀಲ್ಡಿಂಗ್ ಮಾಡುವಾಗ ಚೆಂಡು ಎಸೆಯುವುದು ಎಡಗೈಯಲ್ಲಿ, ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಲ್ಲೇ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ ಕೊಟ್ಟು 6 ವಿಕೆಟ್ ಕಿತ್ತರು; ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಸಲ ಟೆಸ್ಟ್ ಗೆದ್ದದ್ದು, ಸರಣಿ ಗೆದ್ದದ್ದು ಆಗಲೇ. ಬ್ಯಾಟಿಂಗಿನ ವಿಷಯ ಬೇರೆ. 58 ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್ಟು 242, ಹೊಡೆದ ರನ್ನು 167. ಎರಡನ್ನೂ ಅದಲುಬದಲು ಬರೆದಿಲ್ಲ, ಸರಿಯಾಗಿಯೇ ಇದೆ. 1977–78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ನಾಲ್ಕು ಸೊನ್ನೆ ಸಂಪಾದಿಸಿದ್ದರ ಗೌರವಾರ್ಥ ಅವರಿಗೆ ನಡುವೆ ತೂತಿರುವ ಬ್ಯಾಟೊಂದನ್ನು ಉಡುಗೊರೆ ಕೊಟ್ಟರು. ಅದೇ ಪ್ರವಾಸದಲ್ಲಿ ಮೆಲ್ಬರ್ನಿನಲ್ಲಿ ಎರಡೂ ಇನ್ನಿಂಗ್ಸಿನಲ್ಲಿ ತಲಾ 52 ರನ್ನಿಗೆ 6 ವಿಕೆಟ್ ತೆಗೆದಿದ್ದರು. ಅದಕ್ಕೆ ಯಾರಾದರೂ ಏನಾದರೂ ಕೊಟ್ಟರೋ ಇಲ್ಲವೋ, ತೂತಿನ ಬ್ಯಾಟಿನ ಕಥೆ ಮಾತ್ರ ಉಳಿದುಕೊಂಡಿದೆ.

ಎರಡನೆಯವರು 1910ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಎಸ್. ಚಂದ್ರಶೇಖರ್. ಹತ್ತೊಂಬತ್ತರ ಹುಡುಗ 1930ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ. ನಮ್ಮಂಥವರು ಡೆಕ್ಕಿನ ಮೇಲೆ ನಿಂತು ಮೀನು ನೋಡುತ್ತಿದ್ದೆವು. ಅವನು ಕೂತು ನಕ್ಷತ್ರಗಳ ಸಾವಿನ ಲೆಕ್ಕ ಹಾಕಿದ. ಉರಿದು ಮುಗಿದ ನಕ್ಷತ್ರದಲ್ಲಿ ಉಳಿದ ಸರಕು ಸೂರ್ಯನ ಸುಮಾರು 1.4 ಪಟ್ಟು ದಾಟಿದರೆ ಅದು ಶ್ವೇತಕುಬ್ಜವಾಗಿ ತಣ್ಣಗೆ ಕೂರಲಾರದು, ಕುಸಿಯಲೇಬೇಕು ಎಂದ. ಅದಕ್ಕೆ ‘ಚಂದ್ರಶೇಖರ್ ಮಿತಿ’ ಎಂದು ಹೆಸರು. ಕ್ರಿಕೆಟ್ಟಿನಲ್ಲೂ ಒಂದು ಚಂದ್ರಶೇಖರ್ ಮಿತಿ ಇದೆ: ಬ್ಯಾಟಿಂಗ್ ಸರಾಸರಿ 4.07, ಅದರಾಚೆಗೆ ಕುಸಿತ ಖಚಿತ. ಖಗೋಳದವರ ಲೆಕ್ಕ ಮುಂದೆ ಕಪ್ಪುರಂಧ್ರದವರೆಗೆ ಹೋಯಿತು. ಕ್ರಿಕೆಟ್ಟಿನವರದು ಬ್ಯಾಟಿನ ರಂಧ್ರದಲ್ಲಿ ನಿಂತಿತು. ಇಬ್ಬರನ್ನೂ ಬಲ್ಲವರು ಕರೆಯುತ್ತಿದ್ದದ್ದು ‘ಚಂದ್ರ’ ಎಂದೇ. 1999ರಲ್ಲಿ ಅಮೆರಿಕದವರು ‘ಚಂದ್ರ’ ಎಂಬ ಎಕ್ಸ್‌ರೇ ದೂರದರ್ಶಕವನ್ನು ಆಕಾಶಕ್ಕೆ ಹಾರಿಸಿದಾಗ, ನಮ್ಮ ಸೋದರಮಾವ ಪೇಪರು ಮಡಿಸಿಟ್ಟು, ‘ಕೊನೆಗೂ ನಮ್ಮ ಮೈಸೂರಿನ ಹುಡುಗನ್ನ ಗುರುತಿಸಿದರಲ್ಲ’ ಎಂದರು. ನಾನು ತಿದ್ದಲು ಹೋಗಲಿಲ್ಲ. ಗೂಗ್ಲಿ ಹಾಕುವವನ ಹೆಸರನ್ನು ಭೂಮಿ ಸುತ್ತುವ ಯಂತ್ರಕ್ಕೆ ಇಡುವುದರಲ್ಲಿ ಅನುಚಿತವೇನೂ ನನಗೆ ಕಾಣಲಿಲ್ಲ.

ಇನಿಷಿಯಲ್ ನೋಡಿ ಗುರುತಿಸಬಹುದಲ್ಲ ಎನ್ನುವವರು ಸ್ವಲ್ಪ ತಡೆಯಬೇಕು. ಕ್ರಿಕೆಟ್ಟಿನವರ ‘ಎಸ್’ ಎಂದರೆ ಸುಬ್ರಹ್ಮಣ್ಯ. ಖಗೋಳದವರ ‘ಎಸ್’ ಕೂಡ ಸುಬ್ರಹ್ಮಣ್ಯನೇ. ಇದರ ಮೇಲೆ ಮೂರನೆಯವರೊಬ್ಬರು ಬರುತ್ತಾರೆ, ಅವರೂ ಎಸ್. ಚಂದ್ರಶೇಖರ್, ಅವರೂ ಭೌತವಿಜ್ಞಾನಿ. ಖಗೋಳದ ಚಂದ್ರಶೇಖರ್ ಸರ್ ಸಿ.ವಿ. ರಾಮನ್ನರ ಅಣ್ಣನ ಮಗ, ಈ ಚಂದ್ರಶೇಖರ್ ರಾಮನ್ನರ ತಂಗಿಯ ಮಗ. ಇವರು 1961ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಭೌತಶಾಸ್ತ್ರದ ಮುಖ್ಯಸ್ಥರಾಗಿ ಬಂದರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವಸ್ಫಟಿಕಗಳ ಪ್ರಯೋಗಾಲಯ ಕಟ್ಟಿ, 1977ರಲ್ಲಿ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆಂದು ಸಂಗಡಿಗರೊಡನೆ ತೋರಿಸಿಕೊಟ್ಟರು. ರಾಮನ್ನರು ‘ನಮ್ಮ ಚಂದ್ರಶೇಖರ ಒಂದು ಪೇಪರ್ ಬರೆದಿದ್ದಾನೆ’ ಎಂದರೆ ಮನೆಯವರು ಏನು ಮಾಡುತ್ತಿದ್ದರೋ! ಬೆಳಕಿನ ಚದುರುವಿಕೆಯನ್ನು ಬಿಡಿಸಿದ ಮಹಾನುಭಾವರಿಗೂ ಮನೆಯೊಳಗೆ ‘ಯಾವ ಚಂದ್ರಶೇಖರ?’ ಎಂಬ ಪ್ರಶ್ನೆ ತಪ್ಪಿರಲಾರದು ಎಂದು ನೆನೆದರೆ ನನಗೆ ಏನೋ ಸಮಾಧಾನ.

1983 ಮಾತ್ರ ನನ್ನ ಪಾಲಿಗೆ ಕೆಟ್ಟ ವರ್ಷ. ಮುಂದೆ ಪ್ರಧಾನಿಯಾದ ಚಂದ್ರಶೇಖರ್ ಆ ಜನವರಿಯಲ್ಲಿ ಕನ್ಯಾಕುಮಾರಿಯಿಂದ ಪಾದಯಾತ್ರೆ ಹೊರಟವರು, 4,260 ಕಿಲೋಮೀಟರ್ ನಡೆದು ಜೂನ್ 25ರಂದು ದಿಲ್ಲಿಯ ರಾಜಘಾಟ್ ತಲುಪಿದರು. ಅದೇ ದಿನ ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ವಿಶ್ವಕಪ್ ಎತ್ತಿದರು. ಅಷ್ಟು ದೂರ ನಡೆದು ಬಂದವರಿಗೆ ಒಂದು ದಿನ ಆಚೀಚೆ ಮಾಡಿಕೊಳ್ಳಲು ಆಗಲಿಲ್ಲವಲ್ಲ ಎಂದು ನನಗೆ ಈಗಲೂ ಮರುಕ. ಅಕ್ಟೋಬರಿನಲ್ಲಿ ಖಗೋಳದ ಚಂದ್ರಶೇಖರರಿಗೆ ನೊಬೆಲ್ ಬಂತು. ನಡುವೆ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು. ನೊಬೆಲ್ ಸುದ್ದಿ ಬಂದ ಬೆಳಿಗ್ಗೆ ಅಪ್ಪ ಕಾಫಿ ಕೆಳಗಿಟ್ಟು, ‘ಒಬ್ಬ ಚಂದ್ರಶೇಖರ ದೇಶಾನೇ ನಡೆದು ಮುಗಿಸಿದ. ಒಬ್ಬನಿಗೆ ನಕ್ಷತ್ರ ಎಣಿಸಿದ್ದಕ್ಕೆ ನೊಬೆಲ್ ಕೊಟ್ಟರು. ನಮ್ಮನೇ ಚಂದ್ರಶೇಖರನಿಗೆ ಗಣಿತದಲ್ಲಿ ಮೂವತ್ತೈದು’ ಎಂದು ಅಡುಗೆ ಮನೆಗೆ ಕೇಳುವ ಹಾಗೆ ಹೇಳಿದರು. ‘ಪಾಸಾಗಿದೆಯಲ್ಲ, ಬಿಡಿ’ ಎಂದಳು ಅಮ್ಮ. ಮೂವತ್ತೈದೂ ಒಂದು ಮಿತಿಯೇ, ಅದರ ಕೆಳಗೆ ಹೋದರೆ ಕುಸಿತ ಎಂದು ಅಪ್ಪನಿಗೆ ಹೇಳುವಷ್ಟು ಖಗೋಳಶಾಸ್ತ್ರ ಆಗ ನನಗೆ ತಿಳಿದಿರಲಿಲ್ಲ.

ಕೆಲವರು ಈ ಸಂತೆಯಿಂದ ಜಾಣತನದಿಂದ ಪಾರಾದರು. ಚಂದ್ರಶೇಖರ ಪಾಟೀಲರು ‘ಚಂಪಾ’ ಆದರು. ಕಂಬಾರರು ಕಂಬಾರರಾಗಿಯೇ ಜ್ಞಾನಪೀಠದವರೆಗೆ ಹೋದರು, ಚಂದ್ರಶೇಖರ ಎಂಬುದು ಪುಸ್ತಕದ ಹೊದಿಕೆಯ ಮೇಲೆ ಮಾತ್ರ. ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದಲ್ಲಿ ನಟಿಸಿದ ಚಂದ್ರಶೇಖರರಿಗೆ ಆ ಗುಡ್ಡವೇ ಇನಿಷಿಯಲ್ ಆಯಿತು. ಕೇರಳದ ವಯನಾಡಿನ ಒಂದು ಗುಡ್ಡ ಕನ್ನಡದ ನಟರೊಬ್ಬರ ಮನೆಹೆಸರಾದ ಉದಾಹರಣೆ ಬೇರೆ ಇದ್ದರೆ ನನಗೆ ಗೊತ್ತಿಲ್ಲ. ಆಜಾದರಂತೂ ಹದಿನೈದರ ವಯಸ್ಸಿನಲ್ಲೇ ಮ್ಯಾಜಿಸ್ಟ್ರೇಟರ ಎದುರು ‘ನನ್ನ ಹೆಸರು ಆಜಾದ್’ ಎಂದುಬಿಟ್ಟರು. ಆಮೇಲೆ ಅವರನ್ನು ‘ಯಾವ ಚಂದ್ರಶೇಖರ್?’ ಎಂದು ಕೇಳುವ ಧೈರ್ಯ ಯಾರಿಗಿತ್ತು?

ಈ ಪಾಡು ನಮ್ಮ ಹೆಸರಿನವರಿಗೆ ಮಾತ್ರ ಅಂತಲ್ಲ. ರವಿಶಂಕರ್ ಎಂದರೆ ಸಿತಾರೋ ಆಶ್ರಮವೋ ಎಂದು ಹೊರಗಿನವರು ಕೇಳುತ್ತಾರೆ. ಕನ್ನಡಿಗರಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. ‘ಕೆಂಪೇಗೌಡ’ದ ಆರ್ಮುಗಂ ಇದ್ದಾರೆ, ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲ್ ರಾವ್ ಇದ್ದಾರೆ. ‘ಚೋಮನ ದುಡಿ’ ಕಾದಂಬರಿ ಬರೆದವರು ಕಾರಂತರು, ಅದನ್ನು 1975ರಲ್ಲಿ ಸಿನಿಮಾ ಮಾಡಿದವರೂ ಕಾರಂತರು. ಕ್ವಿಜ್ಜಿನಲ್ಲಿ ‘ಕಾರಂತರು’ ಎಂದಷ್ಟೇ ಹೇಳಿ ಗಂಭೀರವಾಗಿ ಕೂತರೆ ಮಾರ್ಕು ಗ್ಯಾರಂಟಿ. ಅಶ್ವಥ್ ಎಂದರೆ ನಮ್ಮತ್ತೆಗೆ ಚಾಮಯ್ಯ ಮೇಷ್ಟ್ರು, ನನಗೆ ಶರೀಫರ ಹಾಡು. 2009ರ ಡಿಸೆಂಬರ್ 29ರಂದು ಸಿ. ಅಶ್ವಥ್ ತೀರಿಕೊಂಡಾಗ ಅತ್ತೆ ಚಾಮಯ್ಯ ಮೇಷ್ಟ್ರಿಗಾಗಿ ಕಣ್ಣೊರೆಸಿಕೊಂಡರು. ಮೂರು ವಾರ ಕಳೆಯುವ ಮೊದಲೇ ಕೆ.ಎಸ್. ಅಶ್ವಥ್ ಕೂಡ ಹೋದಾಗ, ‘ಹೋದ ತಿಂಗಳೇ ಅತ್ತಾಯ್ತಲ್ಲೋ’ ಎಂದು ಟೀವಿಯವರ ಮೇಲೆ ಸಿಟ್ಟಾದರು. ಇನ್ನು ವಿಷ್ಣುವರ್ಧನ ಎಂಬ ಹೆಸರಿನ ಚಮತ್ಕಾರವೇ ಬೇರೆ. ಬೇಲೂರಿನ ದೇವಸ್ಥಾನ ಕಟ್ಟಿಸಿದ ದೊರೆ ಮೊದಲಿಗೆ ಬಿಟ್ಟಿದೇವ. ‘ನಾಗರಹಾವು’ ಚಿತ್ರದ ನಾಯಕ ಮೊದಲಿಗೆ ಸಂಪತ್ ಕುಮಾರ್. ಹುಟ್ಟಿದಾಗ ಯಾರೂ ಇಡದ ಹೆಸರಿನಲ್ಲಿ ಇಬ್ಬರೂ ನಾಡು ಗೆದ್ದರು. ಹುಟ್ಟಿದ ಹೆಸರನ್ನೇ ನೆಚ್ಚಿಕೊಂಡ ನಾನು ಬ್ಯಾಂಕು ಸೇರಿದೆ.

ನಮ್ಮ ಬಡಾವಣೆಗೆ ಬಂದಮೇಲೆ ನನ್ನ ಸ್ಥಿತಿ ಇನ್ನಷ್ಟು ಸೂಕ್ಷ್ಮವಾಯಿತು. ಅಲ್ಲಿ ಆಗಲೇ ಜೆಸಿಬಿ ಚಂದ್ರಶೇಖರ್ ಇದ್ದ. ಈ ಜೆಸಿಬಿ ಎಂಬುದೂ ಒಬ್ಬ ಮನುಷ್ಯನೇ, ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್. 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಿದವನು. ಹೆಸರನ್ನು ಎಲ್ಲರೂ ಮರೆತು ಇನಿಷಿಯಲ್ಲನ್ನು ಮಾತ್ರ ಪೂಜಿಸುವ ಭಾಗ್ಯ ಜಗತ್ತಿನಲ್ಲಿ ಅವನೊಬ್ಬನಿಗೇ ಸಿಕ್ಕಿರಬೇಕು. ನಮ್ಮ ಚಂದ್ರಶೇಖರ ಆ ಇನಿಷಿಯಲ್ ಹಾಕಿಕೊಂಡು ಮೆರೆಯುತ್ತಿದ್ದ. ಹಿಂದಿನ ರಸ್ತೆಯಲ್ಲಿ ಪುರೋಹಿತರಾದ ಚಂದ್ರಶೇಖರ ಶಾಸ್ತ್ರಿಗಳು. ನಾನು ಮೂರನೆಯವನು. ಬ್ಯಾಂಕ್ ಚಂದ್ರಶೇಖರ್ ಎನ್ನಬಹುದಿತ್ತು, ಆದರೆ ಜನರ ಬಾಯಲ್ಲಿ ನಾನು ‘ಜೆಸಿಬಿ ಅಲ್ಲ, ಶಾಸ್ತ್ರಿಗಳೂ ಅಲ್ಲ, ಆ ಚಂದ್ರಶೇಖರ್’. ಬ್ರಹ್ಮವಸ್ತುವನ್ನು ಹೀಗೆ ಅದಲ್ಲ ಇದಲ್ಲ ಎಂದು ವಿವರಿಸುತ್ತಾರೆಂದು ಕೇಳಿದ್ದೆ. ಬ್ರಾಂಚ್ ಮ್ಯಾನೇಜರಿಗೂ ಆ ಪದವಿ ಉಂಟೆಂದು ಗೊತ್ತಿರಲಿಲ್ಲ.

ಫೋನುಗಳು ಬೆಳಿಗ್ಗೆ ಆರಕ್ಕೇ ಶುರು.

‘ಅಣ್ಣಾ, ನಾಳೆ ಗಾಡಿ ಫ್ರೀ ಇದ್ಯಾ? ಪಾಯ ತೆಗೀಬೇಕು.’

ಮೊದಮೊದಲು ‘ರಾಂಗ್ ನಂಬರ್’ ಎನ್ನುತ್ತಿದ್ದೆ. ಅವರು ಬೇಜಾರಾಗಿ ಮತ್ತೆ ನನಗೇ ಮಾಡುತ್ತಿದ್ದರು. ಬರುಬರುತ್ತಾ ‘ಮಣ್ಣೋ, ಬಂಡೆಯೋ?’ ಎಂದು ವಿಚಾರಿಸುವುದನ್ನು ಕಲಿತೆ. ‘ಬಂಡೆ ಸಿಕ್ಕರೆ ಬ್ರೇಕರ್ ಬೇಕಾಗುತ್ತೆ, ಗಂಟೆ ರೇಟು ಬೇರೆ’ ಎನ್ನುವವರೆಗೂ ಮುಂದುವರಿದೆ. ಕೊನೆಗೆ ಅವನ ನಂಬರ್ ಕೊಟ್ಟು ಇಡುತ್ತಿದ್ದೆ. ಶಾಸ್ತ್ರಿಗಳಿಗೆ ಬರುವ ಫೋನು ಇಷ್ಟು ಸುಲಭದ್ದಲ್ಲ. ‘ಮಾವನೋರ ತಿಥಿ ದ್ವಾದಶಿಗೋ ತ್ರಯೋದಶಿಗೋ?’ ಎಂದು ಕೇಳಿದರೆ ಬ್ಯಾಂಕಿನವನು ಏನು ಹೇಳಬೇಕು? ಮಾರ್ಚ್ 31ರ ಒಳಗೆ ಮುಗಿಸಿಕೊಳ್ಳಿ ಎಂದು ಒಮ್ಮೆ ಬಾಯಿಗೆ ಬಂದಿತ್ತು.

ಒಂದು ದಿನ ಜೆಸಿಬಿ ಚಂದ್ರಶೇಖರನೇ ಬ್ಯಾಂಕಿಗೆ ಬಂದ. ಹೆಗಲ ಟವಲು ತೆಗೆದು ಕೈಗೆ ಸುತ್ತಿಕೊಂಡು ಕೂತ.

‘ಸಾರ್, ನಿಮ್ಮಿಂದ ನಂಗೂ ಕಷ್ಟ ಕಣ್ ಸಾರ್. ದಿನಾ ಯಾರಾದ್ರೂ ಎಫ್‌ಡಿ ಬಡ್ಡಿ ಕೇಳ್ತಾರೆ. ವಯಸ್ಸಾದವ್ರಿಗೆ ಅರ್ಧ ಪರ್ಸೆಂಟ್ ಜಾಸ್ತಿ ಅಂತ ಹೇಳ್ತಾ ಇದೀನಿ. ಸರೀನಾ?’

‘ಸರಿ ಇದೆ’ ಎಂದೆ. ನಮ್ಮ ಕೌಂಟರಿನಲ್ಲೂ ಇಷ್ಟು ಚುರುಕಾಗಿ ಉತ್ತರ ಸಿಗುವುದಿಲ್ಲ.

ಅವನಿಗೆ ಇನ್ನೊಂದು ಗಾಡಿ ತೆಗೆಯಲು ಸಾಲ ಬೇಕಿತ್ತು. ಕೊಟೇಶನ್ ಇತ್ತು, ಮಾರ್ಜಿನ್ ಹಣ ಇತ್ತು, ಹಳೆ ಸಾಲ ಒಂದು ಕಂತೂ ತಪ್ಪದೆ ತೀರಿತ್ತು. ಶ್ಯೂರಿಟಿಗೆ ಶಾಸ್ತ್ರಿಗಳು ಒಪ್ಪಿದರು. ಅವರ ಹೊಸ ಮನೆಯ ಪಾಯ ತೆಗೆದವನು ಅವನೇ. ಗಾಡಿ ಬಂತು, ಶಾಸ್ತ್ರಿಗಳೇ ಪೂಜೆ ಮಾಡಿದರು, ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನ ರಸ ನನ್ನ ಪ್ಯಾಂಟಿಗೆ ಹಾರಿತು. ಎಲ್ಲ ಸುಸೂತ್ರ.

ಆಮೇಲೆ ಆಡಿಟರ್ ಬಂದರು. ಫೈಲನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿ, ಆಕ್ಷೇಪಣೆ ಬರೆದರು: ಸಾಲಗಾರ ಚಂದ್ರಶೇಖರ್, ಜಾಮೀನುದಾರ ಚಂದ್ರಶೇಖರ್, ಮಂಜೂರು ಮಾಡಿದ ಅಧಿಕಾರಿ ಚಂದ್ರಶೇಖರ್, ಮೂವರ ವಿಳಾಸವೂ ಒಂದೇ ಬಡಾವಣೆ, ಇವರು ಬೇರೆ ಬೇರೆ ವ್ಯಕ್ತಿಗಳೆಂಬುದಕ್ಕೆ ವಿವರಣೆ ನೀಡುವುದು.

ಆಧಾರ್, ಪ್ಯಾನ್, ಫೋಟೊ ಎಲ್ಲ ಲಗತ್ತಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. ‘ಇದೆಲ್ಲ ಇದ್ದೇ ಇತ್ತಲ್ಲ ಸಾರ್, ನೀವು ಕೈಯಾರೆ ಒಂದು ಬರೆದು ಕೊಡಿ’ ಎಂದರು. ಕೂತು ಬರೆದೆ: ಒಬ್ಬರು ನೆಲ ಅಗೆಯುತ್ತಾರೆ, ಒಬ್ಬರು ಅಗೆದ ಜಾಗಕ್ಕೆ ಪೂಜೆ ಮಾಡುತ್ತಾರೆ, ಇನ್ನೊಬ್ಬರು ಎರಡಕ್ಕೂ ಸಾಲ ಕೊಡುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ.

ಕೊನೆಯ ವಾಕ್ಯ ಬರೆಯುವಾಗ ಬ್ರೇಕರ್ ರೇಟು ನೆನಪಾಯಿತು. ಆದರೂ ಸಹಿ ಹಾಕಿದೆ. ಆಡಿಟರ್ ಅದನ್ನು ಎರಡು ಸಲ ಓದಿ, ಫೈಲಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಷರಾ ಬರೆದರು: ‘ವಿವರಣೆ ಒಪ್ಪಲಾಗಿದೆ. ಇನ್ನು ಮುಂದೆ ಶಾಖೆಯು ಬೇರೆ ಹೆಸರಿನವರಿಗೂ ಸಾಲ ನೀಡುವುದು.’